ಆರು ಗಂಟಿನ ರ‍್ಯಾಕೆಟ್

"ಇದು ನಿಮ್ದಲ್ಲ ಕಣ್ರವ್ವ."

ಮೊನ್ನೆ ಶನಿವಾರ ನೇಕಾರರ ಬೀದಿಯ ರಾಮಲಿಂಗಣ್ಣ ಹೀಗೆಂದಾಗ ನನಗೆ ಸಿಟ್ಟೇ ಬಂತು. ಹನ್ನೊಂದು ವರ್ಷದಿಂದ ನನ್ನ ಮನೆಯ ಅಟ್ಟದಲ್ಲಿ, ನನ್ನದೇ ಬ್ಯಾಗಿನಲ್ಲಿ ಮಲಗಿದ್ದ ಟೆನಿಸ್ ರ‍್ಯಾಕೆಟ್ ನನ್ನದಲ್ಲದೆ ಮತ್ತಿನ್ಯಾರದ್ದು?

"ಕೊಳ್ಳೇಗಾಲದಲ್ಲಿ ಟೆನಿಸ್ಸಾ?" ಅಂತ ಹುಬ್ಬೇರಿಸಬೇಡಿ. ಆಡಿದ್ದೇನೆ. ಅದೂ ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು, ಶೂ ಕಟ್ಟಿಕೊಂಡು, ಪ್ರತಿ ಭಾನುವಾರ, ಒಂಬತ್ತು ವರ್ಷ. ಈಗ ಅದು ನೆನಪಾಗುವುದಕ್ಕೆ ನಮ್ಮ ಡಾಕ್ಟರೇ ಕಾರಣ. ರಿಪೋರ್ಟ್ ನೋಡಿ, "ಶುಗರ್ ಜಾಸ್ತಿ ಆಗಿದೆ, ದಿನಾ ವಾಕ್ ಮಾಡಿ" ಎಂದರು. ವಾಕಿಂಗ್ ನನ್ನಿಂದಾಗದ ಕೆಲಸ. ಎಲ್ಲಿಗೂ ಹೋಗದೆ ನಡೆಯುವುದೆಂದರೆ ಏನರ್ಥ, ನೀವೇ ಹೇಳಿ! "ಟೆನಿಸ್ ಆಡಬಹುದಾ?" ಎಂದೆ. ಅವರು ನನ್ನನ್ನು ಒಮ್ಮೆ ಅಡಿಯಿಂದ ಮುಡಿವರೆಗೆ ನೋಡಿದರು. "ನಿಧಾನಕ್ಕೆ ಆಡಿ" ಎಂದರು.

ಮನೆಗೆ ಬಂದವಳೇ ಅಟ್ಟದಿಂದ ಬ್ಯಾಗ್ ಇಳಿಸಿ ಧೂಳು ಕೊಡವಿ ಜಿಪ್ ಎಳೆದೆ. ಹಿಡಿಕೆಯ ಟೇಪ್ ಅಂಟಂಟಾಗಿತ್ತು. ಆದರೆ ಒಂದು ತಂತಿಯೂ ಕಿತ್ತಿರಲಿಲ್ಲ. ಎಲ್ಲಾ ನೆಟ್ಟಗೆ, ಹೊಸದರ ಹಾಗೆ. ನನಗೋ ಹಿಗ್ಗೋ ಹಿಗ್ಗು. ಸುಮ್ಮನೆ ಒಂದು ಸಲ ತೋರಿಸಿ ಬರೋಣ ಅಂತ ರಾಮಲಿಂಗಣ್ಣನ ಮನೆಗೆ ಹೋದೆ. ನಮ್ಮ ಮನೆಯಿಂದ ಮೂರೇ ಬೀದಿ.

ರಾಮಲಿಂಗಣ್ಣ ರೇಷ್ಮೆ ಸೀರೆ ನೇಯುವವರು. ಅರವತ್ತು ದಾಟಿದೆ. ಬ್ಯಾಟುಗಳಿಗೆ ತಂತಿ ಕಟ್ಟುವುದು ಅವರ ಎರಡನೇ ಕಸುಬು. (ತಂತಿಗೆ ನಮ್ಮ ಕಡೆ 'ಗಟ್' ಎನ್ನುತ್ತಾರೆ, ಕಟ್ಟುವ ಕೆಲಸಕ್ಕೆ 'ಗಟ್ಟಿಂಗ್'.) ಮಗ್ಗದ ಪಕ್ಕದಲ್ಲೇ ಅದಕ್ಕೊಂದು ಪುಟ್ಟ ಕೈ ಮಷೀನು. ಈಗೆಲ್ಲಾ ಬರುವುದು ಷಟಲ್ ಬ್ಯಾಟುಗಳೇ.

ಅವರು ರ‍್ಯಾಕೆಟ್ಟನ್ನು ಕಿವಿಯ ಹತ್ತಿರ ಹಿಡಿದು ತಂತಿಯನ್ನು ಬೆರಳಲ್ಲಿ ಮೀಟಿದರು. 'ಡಬ್' ಎಂದಿತು.

"ಸತ್ತೋಗದೆ ಕಣ್ರವ್ವ."

"ಏನ್ರೀ ಹೀಗಂತೀರಾ? ಒಂದೂ ಕಿತ್ತಿಲ್ವಲ್ಲ!"

"ಕೀಳ್ನೇಬೇಕು ಅಂತ ಏನದೆ? ಆಡ್ದೆ ಮಡಗಿದ್ರೂ ಸಡ್ಲ ಆಯ್ತದೆ. ಅದ್ರಲ್ಲೂ ಇದು ಪಾಲಿಯೆಸ್ಟರ್ರು. ಕಿತ್ತೋಗಲ್ಲ, ಆದ್ರೆ ಜೀವ ಮೊದ್ಲೇ ಓಗ್ಬುಡ್ತದೆ. ನೋಡಾಕೆ ಮಾತ್ರ ನೆಟ್ಗಿರ್ತದೆ."

ಆಮೇಲೆ ಅವರ ಉಗುರು ರ‍್ಯಾಕೆಟ್ಟಿನ ಕತ್ತಿನ ಹತ್ತಿರ ನಿಂತಿತು. ಅಲ್ಲೊಂದು ರೇಷ್ಮೆ ದಾರದ ತುಂಡು ಕಟ್ಟಿತ್ತು. ಬಣ್ಣ ಯಾವುದೆಂದೂ ಗೊತ್ತಾಗದಷ್ಟು ಮಾಸಿದ ದಾರ. ಅಂದಕ್ಕೆ ಕಟ್ಟಿದ್ದಾರೆ ಅಂತಲೇ ನಾನು ಇಷ್ಟು ವರ್ಷ ತಿಳಿದಿದ್ದೆ. ಅವರು ಅದರ ಗಂಟುಗಳನ್ನು ಒಂದೊಂದೇ ಎಣಿಸಿದರು. ಆರು. ಆಗಲೇ ಅವರು ಆ ಮಾತು ಹೇಳಿದ್ದು: ಇದು ನಿಮ್ಮದಲ್ಲ.

ಅದು ಅವರ ಲೆಕ್ಕವಂತೆ. ಐವತ್ತು ಪೌಂಡ್ ಬಿಗಿಯ ಮೇಲೆ ಎಷ್ಟು ಪೌಂಡೋ ಅಷ್ಟು ಗಂಟು. ಮುಂದಿನ ಸಲ ಬಂದಾಗ ಕೇಳುವ ತಾಪತ್ರಯವಿಲ್ಲ. "ನಿಮ್ದು ಐವತ್ತೆರಡು, ಎರಡೇ ಗಂಟು. ಸಡ್ಲ ಇದ್ರೆ ಬಾಲು ಜೋರಾಗಿ ಓಯ್ತದೆ. ನೀವು ಯಾವಾಗ್ಲೂ ಜೋರಾಗಿ ಒಡೆಯೋರು. ಬಿಗಿ ಇದ್ರೆ ಹೇಳ್ದ ಕಡೆ ಬೀಳ್ತದೆ. ಆರು ಗಂಟು ಯಳಂದೂರು ದಾಕ್ಷಾಯಿಣಿ ಮೇಡಮ್ಮೋರ್ದು."

ನಾನು ಹಾಗೇ ಅಲ್ಲಿದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ದಾಕ್ಷಿ! ಯಳಂದೂರಿನ ಶಾಲೆಯಲ್ಲಿ ಪಿ.ಟಿ. ಮೇಡಂ. ಒಂದು ಟ್ರೈನಿಂಗಿನಲ್ಲಿ ನನಗೆ ಗಂಟುಬಿದ್ದವಳು. "ಕಾಲೇಜಲ್ಲಿ ಕೂತು ಕೂತು ಪಾಠ ಹೇಳಿ ಉಬ್ಬಿದೀಯ, ಬಾರೆ" ಅಂತ ನನ್ನನ್ನು ಎಳೆದುಕೊಂಡು ಹೋಗಿ ಟೆನಿಸ್ ಕಲಿಸಿದವಳು. ಕುಂತೂರಿನ ಹತ್ತಿರ ಒಬ್ಬ ರಿಟೈರ್ಡ್ ಎಂಜಿನಿಯರು ತಮ್ಮ ತೋಟದ ಪಕ್ಕ ಒಂದು ಮಣ್ಣಿನ ಕೋರ್ಟ್ ಮಾಡಿಸಿದ್ದರು. ಅವಳು ಅತ್ತಲಿಂದ, ನಾನು ಇತ್ತಲಿಂದ. ಕಬ್ಬಿನ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಗುವಾಗ ಆಟ ನಿಲ್ಲಿಸಿ ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಧೂಳು ಇಳಿದ ಮೇಲೆ ಮತ್ತೆ ಸರ್ವಿಸ್. ಆಟ ಮುಗಿದ ಮೇಲೆ ಅವಳ ಡಬ್ಬಿಯ ಉಪ್ಪಿಟ್ಟು, ನನ್ನ ಫ್ಲಾಸ್ಕಿನ ಕಾಫಿ. ಅವಳ ಅತ್ತೆ, ನನ್ನ ಪ್ರಿನ್ಸಿಪಾಲರು, ಇಬ್ಬರ ಗಂಡಂದಿರು, ಎಲ್ಲರನ್ನೂ ಆಡಿಕೊಂಡು ನಗುತ್ತಿದ್ದೆವು. ಅಷ್ಟು ನಗು ಆಮೇಲೆ ನನಗೆ ಎಲ್ಲೂ ಸಿಕ್ಕಿಲ್ಲ. ನಿಜ ಹೇಳುತ್ತೇನೆ, ಎಲ್ಲೂ ಸಿಕ್ಕಿಲ್ಲ.

ರ‍್ಯಾಕೆಟ್ಟೂ ಜೋಡಿಯಲ್ಲೇ ತೆಗೆದುಕೊಂಡಿದ್ದು. ಮೈಸೂರಿನ ಒಂದೇ ಅಂಗಡಿ, ಒಂದೇ ಮಾಡೆಲ್, ಒಂದೇ ಬಣ್ಣ. ಗಟ್ಟಿಂಗ್‌ಗೆ ರಾಮಲಿಂಗಣ್ಣ. ಕೊನೆಯ ಸಲ "ಯಾವುದು ಹಾಕ್ಲಿ?" ಎಂದಾಗ ನಾನೇ ಜಂಬದಿಂದ, "ಕಿತ್ತೇ ಹೋಗಬಾರದು, ಎರಡಕ್ಕೂ ಅಂಥದ್ದೇ ಹಾಕಿ" ಎಂದಿದ್ದೆ.

ಹಾಗಿದ್ದರೆ ನಮ್ಮ ಆಟ ನಿಂತಿದ್ದೇಕೆ? ಹೇಳಲು ನಾಚಿಕೆ. ಒಂದು ಬಾಲ್.

ಅವತ್ತು ಐದು-ಐದು ಗೇಮ್. ಅವಳು ಹೊಡೆದ ಬಾಲ್ ಗೆರೆಯ ಹತ್ತಿರ ಬಿತ್ತು. ನಾನು "ಔಟ್" ಎಂದೆ. ಅವಳು "ಇನ್" ಎಂದಳು. ಇಬ್ಬರೂ ಬಗ್ಗಿ ಮಣ್ಣಿನಲ್ಲಿ ಗುರುತು ಹುಡುಕಿದೆವು. ಅವಳು ಒಂದು ಗುರುತು ತೋರಿಸಿದಳು, ನಾನು ಇನ್ನೊಂದು ತೋರಿಸಿದೆ. "ಮೋಸ ಮಾಡ್ತೀಯ ಕಣೆ" ಎಂದಳು. ನನ್ನನ್ನು! ನಾನು ಏನೇನೋ ಅಂದೆ. (ಏನೆಂದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವಂಥದ್ದಲ್ಲ.) ಇಬ್ಬರೂ ಬೆಂಚಿನ ಮೇಲೆ ಬಿಸಾಡಿದ್ದ ರ‍್ಯಾಕೆಟ್ಟುಗಳನ್ನು ಸಿಕ್ಕಂತೆ ಬ್ಯಾಗಿಗೆ ತುರುಕಿಕೊಂಡು, ತಿರುಗಿಯೂ ನೋಡದೆ ಹೊರಟೆವು. ನಲವತ್ತೈದು ದಾಟಿದ ಇಬ್ಬರು ಮೇಡಂಗಳು ಚಿಕ್ಕ ಮಕ್ಕಳ ಹಾಗೆ ಠೂ ಬಿಟ್ಟೆವು.

ಮುಂದಿನ ಭಾನುವಾರ ಅವಳೇ ಫೋನ್ ಮಾಡಲಿ ಎಂದು ಕಾದೆ. ಅವಳೂ ಹಾಗೇ ಕಾದಿರಬೇಕು. ಅದರ ಮುಂದಿನ ಭಾನುವಾರ ಯಾವುದೋ ಮದುವೆ. ಆಮೇಲೆ ಪರೀಕ್ಷೆ, ವ್ಯಾಲ್ಯುಯೇಷನ್ನು, ಮೊಣಕಾಲು. ಆ ಎಂಜಿನಿಯರು ತೀರಿಕೊಂಡರು, ಕೋರ್ಟಿನ ಜಾಗದಲ್ಲಿ ಬಾಳೆ ಹಾಕಿದರು.

ಹಾಗಂತ ಮಾತು ಬಿಟ್ಟಿಲ್ಲ. ವರ್ಷಕ್ಕೊಮ್ಮೆ ಅವಳ ಹುಟ್ಟುಹಬ್ಬಕ್ಕೆ ವಾಟ್ಸಾಪಿನಲ್ಲಿ ಕೇಕಿನ ಚಿತ್ರ ಕಳಿಸುತ್ತೇನೆ. ಅವಳು ಎರಡು ಕೈ ಮುಗಿಯುತ್ತಾಳೆ. ಯಾರಾದರೂ ಕೇಳಿದರೆ "ದಾಕ್ಷೀನಾ? ಚೆನ್ನಾಗಿದ್ದೀವಪ್ಪ!" ಎನ್ನುತ್ತೇನೆ. ನಿಮಗೂ ಇಂಥವರು ಎಷ್ಟು ಜನ ಇದ್ದಾರೆ? ಜಗಳವಿಲ್ಲ, ಮಾತುಕತೆಯೂ ಇಲ್ಲ. ಎಲ್ಲೂ ಕಿತ್ತಿಲ್ಲವಲ್ಲ ಎಂಬುದೇ ನಮಗೆಲ್ಲ ಸಮಾಧಾನ. ಬೆರಳಲ್ಲಿ ಮೀಟಿ ನೋಡುವವರಾದರೂ ಯಾರು?

ರಾಮಲಿಂಗಣ್ಣ ಕತ್ತರಿ ಹುಡುಕುತ್ತಾ ಇನ್ನೊಂದು ಮಾತು ಹೇಳಿದರು.

"ನಿಮ್ ಎರಡು ಗಂಟಿಂದು ಮಾತ್ರ ವರ್ಷ ವರ್ಷ ಬತ್ತದೆ ಬುಡಿ."

"ಎಲ್ಲಿಗೆ?"

"ಇಲ್ಗೇ. ದಾಕ್ಷಾಯಿಣಿ ಮೇಡಮ್ಮೋರು ತಕಂಡ್ ಬತ್ತಾರಲ್ಲ. ಸಂಕ್ರಾಂತಿ ಆದ್ಮೇಲೆ ಬಂದಿದ್ರು. ಭಾನುವಾರ ಭಾನುವಾರ ಸ್ಕೂಲ್ ಗ್ವಾಡೆಗೆ ಒಡೀತಾರಂತೆ. ಜೊತೆಗೆ ಯಾರೂ ಇಲ್ವಾ ಮೇಡಂ ಅಂದ್ರೆ, 'ಗ್ವಾಡೆ ವಾಸಿ ರಾಮಲಿಂಗಣ್ಣ, ಔಟ್ ಅಂತ ಕೂಗಲ್ಲ' ಅಂತ ನಗ್ತಾರೆ."

ನನಗೆ ನಗು ಬರಲಿಲ್ಲ.

"ನಿಮ್ಮ ಕೈಗೆ ಬಿಗಿ ಬೇಕಲ್ಲ, ಆರಕ್ಕೆ ಏರ್ಸ್ಲಾ ಅಂತ ಕೇಳ್ದೆ. 'ಬ್ಯಾಡ, ಅದ್ರ ಒಡತಿ ಕೈಗೆ ಎಷ್ಟು ಬೇಕೋ ಅಷ್ಟೇ ಇರ್ಲಿ' ಅಂದ್ರು. ಕಿತ್ತೋಗ್ದೇ ಇರೋದು ಆಕ್ಲಾ ಅಂದ್ರೆ ಅದೂ ಬ್ಯಾಡ್ವಂತೆ. 'ಮೆತ್ತಂದೇ ಆಕಿ. ಕಿತ್ರೆ ಕಿತ್ಕಳ್ಳಿ, ಕೊಳ್ಳೇಗಾಲಕ್ಕೆ ಬರೋಕೆ ಒಂದು ನೆಪ ಆಯ್ತದೆ' ಅಂತಾರೆ." ಅವರು ನನ್ನ ಮುಖ ನೋಡಿದರು. "ಇಲ್ಲಿಂದ ನಿಮ್ಮನೆಗೇ ಓಯ್ತಾರೆ ಅನ್ಕಂಡಿದ್ನಲ್ಲವ್ವ. ಬರಲ್ವಾ?"

ಮೂರು ಬೀದಿ ಆಚೆಗೆ ಅವಳು ಪ್ರತಿ ವರ್ಷ ಬಂದಿದ್ದಾಳೆ. ಇದೇ ಸ್ಟೂಲಿನ ಮೇಲೆ ಕೂತಿದ್ದಾಳೆ. ನನ್ನ ರ‍್ಯಾಕೆಟ್ಟಿಗೆ ನನ್ನ ಬಿಗಿಯನ್ನೇ ಹಾಕಿಸಿಕೊಂಡು, ನನ್ನ ಬಾಗಿಲು ತಟ್ಟದೆ ಬಸ್ ಹತ್ತಿದ್ದಾಳೆ. ಆ ಹೊತ್ತಿನಲ್ಲಿ ನಾನು ಏನು ಮಾಡುತ್ತಿದ್ದೆ? ಸೀರಿಯಲ್ ನೋಡುತ್ತಿದ್ದೆನೋ ಏನೋ.

ಕಣ್ಣು ತುಂಬಿ ಬಂತು. ಮಗ್ಗದ ಮೇಲಿದ್ದ ಸೀರೆಯ ಅಂಚನ್ನು ನೋಡುವವಳಂತೆ ಆ ಕಡೆ ತಿರುಗಿದೆ.

"ಇದಕ್ಕೆ ಯಾವ್ದು ಆಕ್ಲಿ?" ಎಂದರು. "ಗಟ್ಟಿದೋ, ಮೆತ್ತಂದೋ? ಮೆತ್ತಂದು ನಮ್ ರೇಷ್ಮೆ ತರ, ಸಣ್ಣ ಸಣ್ಣ ಎಳೆ ಸೇರ್ಸಿ ಒಸ್ದಿರ್ತಾರೆ. ಮೊಣಕೈಗೆ ನೋವಾಗಲ್ಲ. ಎಳೆ ಎದ್ರೆ ಸವೀತಾ ಅದೆ ಅಂತ ಕಣ್ಣಿಗೇ ಕಾಣ್ತದೆ."

"ಮೆತ್ತಂದೇ ಹಾಕಿ."

"ಬಿಗಿ? ವಯಸ್ಸಾಯ್ತು, ಒಂದೆರಡು ಪೌಂಡ್ ಇಳ್ಸುದ್ರೆ ಒಳ್ಳೇದು."

"ಬೇಡ ರಾಮಲಿಂಗಣ್ಣ. ಅದರ ಒಡತಿ ಕೈಗೆ ಎಷ್ಟು ಬೇಕೋ ಅಷ್ಟೇ ಇರಲಿ."

ಅವರು ಹಳೆಯ ತಂತಿಗಳನ್ನು ನಡುವಿನಿಂದ ಕತ್ತರಿಸುತ್ತಾ ಬಂದರು. ಅಂಚಿನಿಂದ ಶುರು ಮಾಡಿದರೆ ಚೌಕಟ್ಟು ಸೊಟ್ಟಗಾಗುತ್ತದಂತೆ. ಉದ್ದಕ್ಕೆ ಎಳೆದು, ಅಡ್ಡಕ್ಕೆ ಒಂದು ಮೇಲೆ ಒಂದು ಕೆಳಗೆ ಹೆಣೆದು, ಮುಗಿಸುವಷ್ಟರಲ್ಲಿ ಮುಕ್ಕಾಲು ಗಂಟೆ. ಹೊಸ ಹಸಿರು ದಾರ ಕಟ್ಟಿ ಆರು ಗಂಟು ಹಾಕಿದರು. ಮೀಟಿದರು. 'ಟಂಯ್' ಎಂದಿತು. ಆ ಸದ್ದು ಕೇಳಿ ನನಗೆ ಆ ಕೋರ್ಟು, ಉಪ್ಪಿಟ್ಟಿನ ಡಬ್ಬಿ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದ ದಾಕ್ಷಿ, ಎಲ್ಲಾ ಒಟ್ಟಿಗೆ ಬೇಕೆನಿಸಿತು.

ಆ ರ‍್ಯಾಕೆಟ್ ಈಗ ನನ್ನ ಬರೆಯುವ ಮೇಜಿನ ಮೇಲೇ ಇದೆ. ನಾಲ್ಕು ದಿನದಿಂದ ನೆಪ ಹುಡುಕುತ್ತಿದ್ದೇನೆ. ಬಸ್ಸಿಲ್ಲ ಎನ್ನೋಣವೆಂದರೆ ಇದೇನು ಕಾಡಿನೊಳಗಿನ ಗೋಪಿನಾಥಂ ಅಲ್ಲ. ಯಳಂದೂರಿಗೆ ಒಂದು ಹೋದರೆ ಇನ್ನೊಂದು. ಹೋಗುವುದು ದೊಡ್ಡದಲ್ಲ. ಬಾಗಿಲು ತೆಗೆದಾಗ ಮೊದಲ ಮಾತು ಏನಾಡಲಿ? ಅದೇ ಕಷ್ಟ.

ಅದು ಔಟೇ. ಹನ್ನೊಂದು ವರ್ಷ ನಾನು ಹಾಗೇ ಅಂದುಕೊಂಡೆ, ನಿಮ್ಮ ಮುಂದೆ ಮುಚ್ಚುಮರೆ ಏಕೆ? ಆದರೆ ಈ ನಾಲ್ಕು ದಿನದಲ್ಲಿ ಇನ್ನೊಂದು ವಿಷಯ ನೆನಪಾಯಿತು. ಕೋರ್ಟಿಗೆ ಸುಣ್ಣದ ಗೆರೆ ಎಳೆಯುವುದು ಒಂದು ವಾರ ಅವಳು, ಒಂದು ವಾರ ನಾನು. ಅವತ್ತು ಎಳೆದವಳು ನಾನು. ದಾರ ಹಿಡಿಯದೆ ಅವಸರದಲ್ಲಿ ಎಳೆದಿದ್ದೆ. ಬಾಲ್ ಬಿದ್ದ ಆ ಮೂಲೆಯಲ್ಲೇ ಗೆರೆ ಒಳಕ್ಕೆ ಬಾಗಿತ್ತು. ಅವಳು ನೋಡಿದ್ದಳು. ಆದರೂ ಅದನ್ನು ಎತ್ತಿ ಆಡಲಿಲ್ಲ.

ಈ ಅಂಕಣವನ್ನು ಅವಳು ತಪ್ಪದೆ ಓದುತ್ತಾಳಂತೆ. ಅದೂ ರಾಮಲಿಂಗಣ್ಣನೇ ಹೇಳಿದ್ದು. ಆದ್ದರಿಂದ ಉಳಿದ ಓದುಗರು ಒಂದು ನಿಮಿಷ ಆ ಕಡೆ ತಿರುಗಿಕೊಳ್ಳಿ.

ದಾಕ್ಷಿ, ಈ ಭಾನುವಾರ ಬೆಳಿಗ್ಗೆ ನಿನ್ನ ರ‍್ಯಾಕೆಟ್ ತರುತ್ತಿದ್ದೇನೆ, ಫ್ಲಾಸ್ಕನ್ನೂ ತರುತ್ತೇನೆ. ಗೆರೆ ಸೊಟ್ಟಗಿತ್ತು ಕಣೆ, ಬಾಲ್ ಇನ್.