ಮೇಲಿನ ಖೋಲಿಯ ತೂತು

ಮನೆಗೆ ಸುಣ್ಣಬಣ್ಣ ನಡೆದಿದೆ. ಬಿರುಕಿಗೆ ಮೆತ್ತಿದ ಹಸಿ ಸಿಮೆಂಟಿನ ವಾಸನೆಗೆ ಎಲ್ಲರಿಗೂ ಹೊಸ ಮನೆ ನೆನಪಾದರೆ ನನಗೆ ಆಸ್ಪತ್ರೆ ನೆನಪಾಗುತ್ತದೆ. ನಗಬೇಡಿ, ಕಾರಣವಿದೆ.

ನಮ್ಮ ಗೌರಿಗೆ ಆಗ ಆರು ವರ್ಷ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನಾನೋ, ಹುಡುಗಿ ಸರಿಯಾಗಿ ಉಣ್ಣುವುದಿಲ್ಲವೆಂದು ತುಪ್ಪ ಸುರಿದದ್ದೇ ಸುರಿದದ್ದು. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಹಾಳೆಯ ಮೇಲೆ ಹೃದಯ ಬರೆದು ತೋರಿಸಿದರು. ಮೇಲೆರಡು ಕೋಣೆ, ಕೆಳಗೆರಡು. ಮೇಲಿನೆರಡರ ನಡುಗೋಡೆಯಲ್ಲಿ ಹುಟ್ಟಿನಿಂದಲೇ ತೂತು. ಅದರ ಅಂಚು ಗಟ್ಟಿಯಿದ್ದರೆ ತೊಡೆಯ ರಕ್ತನಾಳದಿಂದ ಪುಟ್ಟ ಛತ್ರಿಯಂಥದ್ದನ್ನು ಕಳಿಸಿ ಮುಚ್ಚಬಹುದು. ಇಲ್ಲವಾದರೆ ಎದೆ ಕೊಯ್ಯಬೇಕು. ನಾಳೆ ಪರೀಕ್ಷೆ ಮಾಡಿ ಹೇಳುತ್ತೇವೆ ಎಂದರು.

ಅಕ್ಕಿಆಲೂರಿನ ಮನೆಯಲ್ಲಿ ಅತ್ತೆ ಫೋನು ಹಿಡಿದೇ ಕೂತಿದ್ದರು. ಕೂಸಿನ ‘ಹೃದಯ’ ಎಂಬ ಮಾತು ನನ್ನ ಬಾಯಿಂದ ಹೊರಡಲೊಲ್ಲದು.

“ಅತ್ತಿ, ಮ್ಯಾಲಿನ ಎರಡು ಖೋಲಿ ನಡುವಿನ ಗ್ವಾಡ್ಯಾಗ ತೂತು ಐತ್ರಿ. ಮುಚ್ಚಬೇಕು.”

“ಅಷ್ಟ ಹೌದಿಲ್ಲೋ? ನೀ ಕೂಸಿನ್ನ ನೋಡ್ಕೋ. ತೂತು ನಾ ನೋಡ್ಕೋತೇನಿ.”

ಎಂಥ ಧೈರ್ಯ! ಹರಕೆ ಹೊತ್ತಿರಬೇಕು ಎಂದುಕೊಂಡು ಕಣ್ಣೊರೆಸಿಕೊಂಡೆ.

ಶಿವನ ದಯೆ, ಅಂಚು ಗಟ್ಟಿಯಿತ್ತು. ಛತ್ರಿ ಕೂತಿತು. ಮನೆಗೆ ಬಂದ ದಿನವೇ ಅತ್ತೆ ನನ್ನನ್ನು ಮಹಡಿಗೆ ಎಳೆದೊಯ್ದರು. ಅಲ್ಲೂ ಎರಡು ಖೋಲಿ, ಒಂದರಲ್ಲಿ ಭತ್ತ, ಒಂದರಲ್ಲಿ ಹಾಸಿಗೆ. ನಡುಗೋಡೆಗೆ ಇಲಿ ಕೊರೆದಿದ್ದ ತೂತಿನ ಮೇಲೆ ದಪ್ಪ ಸಿಮೆಂಟು. ಅದರ ಮೇಲೆ ಮೂರು ಬೆರಳಿನ ವಿಭೂತಿ!

“ಗೌಂಡಿ ನಾಳೆ ಬರ್ತೇನಿ ಅಂದ. ನಾನ ಕಲಸಿ ಬಡದೆ. ದವಾಖಾನ್ಯಾಗ ಕುಂತು ಇಲಿ ಚಿಂತಿ ಮಾಡ್ತಾರೇನ, ಹುಚ್ಚಿ?”

ನಿಜ ಹೇಳಿದೆ. ಅತ್ತೆ ಭತ್ತದ ಚೀಲದ ಮೇಲೆ ಕುಸಿದು ಕೂತರು. ಸೆರಗಿನಿಂದ ಮೂಗು ಒರೆಸಿಕೊಂಡು, “ಹೋಗ್ಲಿ ಬಿಡು, ಶಿವ ಎರಡೂ ಮುಚ್ಚಿದ. ಅಲ್ಲಿ ಛತ್ರಿ, ಇಲ್ಲಿ ಸಿಮೆಂಟ್. ಯಾವದು ಗಟ್ಟಿ ನೋಡೂಣು” ಎಂದರು.

ಅಂದಿನಿಂದ ನನಗೊಂದು ಹುಚ್ಚು ಹತ್ತಿತು. ಗೌರಿ ಕೆಮ್ಮಿದರೆ ಸಾಕು, ಮೇಲೆ ಹೋಗಿ ಆ ಸಿಮೆಂಟು ಬಿರುಕು ಬಿಟ್ಟಿದೆಯೇ ಎಂದು ಬೆರಳಾಡಿಸಿ ನೋಡುತ್ತಿದ್ದೆ. ಡಾಕ್ಟರು ಎಲ್ಲ ಸರಿಯಿದೆ ಎಂದ ಮೇಲೂ.

ಇವತ್ತು ಬಣ್ಣದವನು ಆ ಸಿಮೆಂಟು ತೋರಿಸಿ ಕೇಳಿದ: “ಅಕ್ಕಾರ, ಈ ಗಂಟು ಕೆತ್ತಿ ಸಾಪ ಮಾಡ್ಲೇನ್ರಿ?”

ಅಷ್ಟರಲ್ಲಿ ಗೌರಿ, ಈಗ ಕಾಲೇಜಿನ ಹುಡುಗಿ, ತುಂಬಿದ ಬಕೆಟ್ ಹಿಡಿದು, ಅಜ್ಜಿಯ ಮಾತು ಹೊತ್ತು, ಒಂದೇ ಉಸಿರಿಗೆ ಮೆಟ್ಟಿಲು ಹತ್ತಿ ಬಂದಳು. “ಯವ್ವಾ, ಆಯಿ ಕೇಳಾಕತ್ತಾಳ, ಅಕಿ ತೂತಿಗೆ ಯಾವ ಬಣ್ಣಂತ?”

“ಕೆತ್ತಬ್ಯಾಡ್ರಿ,” ಎಂದೆ ಬಣ್ಣದವನಿಗೆ. “ಹಂಗ ಮ್ಯಾಲೆ ಬಳದುಬಿಡ್ರಿ.”

ಬೆರಳಾಡಿಸಿ ನೋಡಲಿಲ್ಲ. ಚಹಾಕ್ಕೆ ನೀರಿಡಲು ಕೆಳಗಿಳಿದೆ.