ಕೌದಿ ಹೊಲಿಯುವ ಶೆಡ್ಡಿಗೊಂದು ಹೀಟರ್

ಶಹಾಪುರದ ನಮ್ಮ ಮನೆಯಲ್ಲಿ ಬೈಕ್ ನಿಲ್ಲಿಸುವ ಶೆಡ್ಡೇ ಅವ್ವ ಕೌದಿ ಹೊಲಿಯುವ ಜಾಗ. ಹಳೆ ಸೀರೆಗಳನ್ನು ಪದರ ಪದರವಾಗಿ ಹಾಸಲು ಅಷ್ಟು ಅಗಲ ಬೇರೆಲ್ಲೂ ಇಲ್ಲ. ಹೋದ ಚಳಿಗಾಲದಲ್ಲಿ ತಗಡಿನ ಬಾಗಿಲ ಸಂದಿಯಿಂದ ಗಾಳಿ ನುಗ್ಗಿ, ಬೆಳಗಿನ ಹೊತ್ತು ಅವಳ ಬೆರಳು ಸೆಟೆದು ಸೂಜಿ ಜಾರತೊಡಗಿತು. ಹೀಟರ್ ತರೋಣವೆಂದು ಅವಳನ್ನೇ ಸುರಪುರದ ದೊಡ್ಡ ಅಂಗಡಿಗೆ ಕರೆದೊಯ್ದೆ.

ಅವ್ವನಿಗೆ ಕೆಂಪಗೆ ಕಾಯುವ ತಂತಿಯ ಹೀಟರ್ ಹಿಡಿಸಿತು. "ಒಲಿ ಮುಂದ ಕುಂತಂಗ ಆಗ್ತದ. ಇದ ಇರ್ಲಿ," ಎಂದಳು.

ನನಗೆ ಹೆದರಿಕೆ. ಶೆಡ್ಡಿನ ತುಂಬ ಬಟ್ಟೆ ಚೂರು, ಮೂಲೆಯಲ್ಲಿ ಪೆಟ್ರೋಲ್ ವಾಸನೆ. ಮೇಲಾಗಿ ಸಕ್ಕರೆ ಕಾಯಿಲೆಯಿಂದ ಅವಳ ಪಾದಗಳು ಜೋಮು ಹಿಡಿದಂತಾಗಿವೆ; ಸುಟ್ಟರೂ ಗೊತ್ತಾಗುವುದಿಲ್ಲ. ಅಂಗಡಿಯವರ ಎದುರು ಅದನ್ನು ಹೇಳಲು ಮನಸ್ಸಾಗದೆ, ಹೊರಗೆ ಕರೆದು ಮೆಲ್ಲಗೆ ಹೇಳಿದೆ. ಅವಳು ತನ್ನ ಕಾಲುಗಳನ್ನೊಮ್ಮೆ ನೋಡಿಕೊಂಡಳು.

"ನಿಂಗ ಯಾವುದು ಸರಿ ಅನಸ್ತದ, ಅದ ತೊಗೊ," ಎಂದಳು.

ಎಣ್ಣೆ ತುಂಬಿದ, ಉರಿ ಕಾಣದ, ಉರುಳಿದರೆ ತಾನೇ ಆಫ್ ಆಗುವ ಹೀಟರ್ ತಂದೆವು. ಅದಕ್ಕೆಂದೇ ಬೇರೆ ವೈರು ಎಳೆಸಿ, ಅವಳ ಕಾಲಿಗೆ ತಾಗದಷ್ಟು ದೂರ ಇಟ್ಟೆ. ಬೈಕು ಹೊರಗೆ ಹೋಯಿತು. ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹೊಡೆಸಿದೆ.

ಮೊದಲ ದಿನ ಅವ್ವ, "ಇದು ಹತ್ತೇದೋ ಇಲ್ಲೋ?" ಎಂದು ಮತ್ತೆ ಮತ್ತೆ ಕೇಳಿದಳು. ಶೆಡ್ಡು ನಿಧಾನಕ್ಕೆ ಬೆಚ್ಚಗಾಯಿತು. ಅವಳು ಹೊದ್ದಿದ್ದ ಶಾಲು ತೆಗೆದು ಪಕ್ಕಕ್ಕಿಟ್ಟಳು. ಆಮೇಲೆ ಅಂಗಳದಲ್ಲಿ ನಡುಗುತ್ತ ನಿಂತಿದ್ದ ಪಕ್ಕದ ಮನೆಯವಳನ್ನು, "ಒಳಗ ಬರ್ರಿ, ಇಲ್ಲಿ ಥಂಡಿ ಇಲ್ಲ," ಎಂದು ಕರೆದಳು.