ಹಾರುವವನ ಬೂಟು

ಒಣಗಿದ ಜೋಳದ ರೊಟ್ಟಿಗಳನ್ನು ಒಂದೊಂದಾಗಿ ತಗಡಿನ ಡಬ್ಬಿಯಲ್ಲಿ ಜೋಡಿಸುತ್ತಿದ್ದೆ. ಅದು ಸಿನೆಮಾ ರೀಲು ಇಡುವ ಡಬ್ಬಿ. ದುಂಡಗೆ, ಚಪ್ಪಟೆಯಾಗಿ, ನನ್ನ ಕೈಯ ರೊಟ್ಟಿಯ ಅಳತೆ ತೆಗೆದುಕೊಂಡೇ ಮಾಡಿದಂತಿದೆ. ಎಷ್ಟು ವರ್ಷ ತೊಳೆದರೂ ಮುಚ್ಚಳ ತೆಗೆದ ಕೂಡಲೇ ಹಳೆಯ ರೀಲಿನ ಹುಳಿ ವಾಸನೆ ಒಂದಿಷ್ಟು ಮೂಗಿಗೆ ಬರುತ್ತದೆ... ಅದೇ ಹೊತ್ತಿಗೆ ಪಕ್ಕದ ಮನೆಯ ಸೊಸೆ ಬಾಗಿಲಲ್ಲಿ ಬಂದು ನಿಂತಳು.

“ಅಕ್ಕಾ, ಟಾಕೀಸ್ ಕಾಕಾ ಹೋದ್ರಂತ. ಮುಂಜಾನಿ ಪೂಜಾ ಮಾಡಿ ಕುಂತಲ್ಲೇ ಹೋಗ್ಯಾರ.”

ಕೈಯಲ್ಲಿದ್ದ ರೊಟ್ಟಿ ಮುರಿಯಿತು. ಆ ಡಬ್ಬಿ ಅವರೇ ಕೊಟ್ಟದ್ದು.

ನಾನು ಅಫಜಲಪುರಕ್ಕೆ ಸೊಸೆಯಾಗಿ ಬಂದಾಗ ಊರಿಗೆ ಟಿವಿ ಬಂದಿರಲಿಲ್ಲ. ನಮ್ಮ ಓಣಿಯ ಕಾಕಾ ಡೇರೆ ಕಟ್ಟಿ ಸಿನೆಮಾ ತೋರಿಸುತ್ತಿದ್ದರು. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅತನೂರಲ್ಲಿ, ಅಮಾವಾಸ್ಯೆ ಬಂತೆಂದರೆ ಘತ್ತರಗಿಯ ಜಾತ್ರೆಯಲ್ಲಿ. ಆಟ ಇಲ್ಲದ ದಿನ ನಮ್ಮ ಕಟ್ಟೆಯ ಕೆಳಗೆ ಚಪ್ಪಲಿ ಬಿಟ್ಟು ಕೂಗುತ್ತಿದ್ದರು: “ತಂಗಿ, ಒಂದು ತಂಬಿಗಿ ನೀರು ಕೊಡವಾ.” ನೀರು ಕುಡಿದ ಮೇಲೇ ಮಾತು.

ದೇವರ ಸಿನೆಮಾ ಬಂದರೆ ಹೆಂಗಸರು ಡೇರೆಯ ಹೊರಗೇ ಚಪ್ಪಲಿ ಬಿಡುತ್ತಿದ್ದರು. ಪರದೆಯ ಮೇಲೆ ದೇವಿ ಬಂದಳೆಂದರೆ ಎದ್ದು ಆರತಿ ಬೆಳಗುವುದು, ಕಾಯಿ ಒಡೆಯುವುದು. ಕಾಕಾ ಅದಕ್ಕೆಂದೇ ಪರದೆಯ ಮುಂದೆ ಒಂದು ಕಲ್ಲು ಹಾಕಿಸಿದ್ದರು. ಆದರೆ ಆಕಾಶದಲ್ಲಿ ಹಾರುವ ವೀರರ ಸಿನೆಮಾಗಳನ್ನು ತಂದಾಗ ಅರ್ಧಕ್ಕೇ ಡೇರೆ ಖಾಲಿಯಾಗುತ್ತಿತ್ತು. ಅದೇ ಅವರ ಚಿಂತೆ.

“ಮುಂಬೈದವರಿಗೆ ರೊಕ್ಕ ಅದ, ಮಷೀನ್ ಅದ. ಮನುಷ್ಯಾನ್ನ ಹಾರಸ್ತಾರ. ಮಂದೀನ್ನ ಕುಂಡ್ರಸಾಕ ಮಾತ್ರ ಬರಂಗಿಲ್ಲ ನೋಡ್ರಿ” ಎಂದು ನಮ್ಮ ಅತ್ತೆಯ ಮುಂದೆ ಹೇಳುತ್ತಿದ್ದರು.

ಕಡೆಗೆ ತಾವೇ ಒಂದು ತೆಗೆಯುತ್ತೇನೆಂದು ಹೊರಟರು. ಅರ್ಧ ತಾಸಿನ ಸಿನೆಮಾ. ಅದು ಘತ್ತರಗಿಯ ಅಮಾವಾಸ್ಯೆಯ ಮಂದಿಗೆ ಹಿಡಿಸಿದರೆ ದೊಡ್ಡದೊಂದು ಮಾಡಬೇಕು, ಡೇರೆಯವನು ಎಂಬ ಹೆಸರು ಹೋಗಿ ಸಿನೆಮಾ ತೆಗೆದವನು ಎನಿಸಿಕೊಳ್ಳಬೇಕು ಎಂಬ ಆಸೆ. ಸೊಲ್ಲಾಪುರದಿಂದ ಕ್ಯಾಮೆರಾದವನು ಬಂದ. ಗರಡಿ ಮನೆಯ ಪೈಲ್ವಾನನೇ ವೀರ. ಬೆನ್ನಿಗೆ ನಮ್ಮತ್ತೆಯ ಕೆಂಪು ಶಾಲು, ಕಾಲಿಗೆ ಮೊಳಕಾಲ ತನಕ ಕರಿ ಬೂಟು. ಆ ಬೂಟೆಂದರೆ ಕಾಕಾಗೆ ಬಲು ಹೆಮ್ಮೆ.

ಬೆಂಕಿ ಬಿದ್ದ ಮನೆಯಿಂದ ಕೂಸನ್ನು ಎತ್ತಿಕೊಂಡು ಹಾರುವ ದೃಶ್ಯವನ್ನು ನಮ್ಮ ಮನೆಯಲ್ಲೇ ತೆಗೆದರು. ಹಸಿ ಸಗಣಿ ಕುಳ್ಳಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸಿದರು. ಮಾಳಿಗೆಯ ಬೆಳಕಿಂಡಿಯಿಂದ ಹಗ್ಗ ಹಿಡಿದು ಪೈಲ್ವಾನ ಇಳಿಯಬೇಕು. ಹಗ್ಗ ನೇರ ಬರುತ್ತಿದ್ದದ್ದು ದೇವರ ಜಗಲಿಯ ಮೇಲೆ. ದೇವರನ್ನು ಅತ್ತೆ ಮೊದಲೇ ಒಳಗೆ ಎತ್ತಿಟ್ಟು, ಮಂದಿಗೆ ಚಹಾ ಮಾಡಲು ಹೋಗಿದ್ದರು. ನೋಡಲು ಚೆಂದ ಇರಲೆಂದು ಕಾಕಾ ಜಗಲಿಯ ಮೇಲೆ ದೀಪವೊಂದನ್ನು ಹಚ್ಚಿಟ್ಟರು.

ಪೈಲ್ವಾನ ಇಳಿದ. ಬೂಟುಗಾಲು ದೀಪದ ಮಗ್ಗುಲಿಗೇ ಬಿತ್ತು.

ಬಾಗಿಲ ಮರೆಯಲ್ಲಿದ್ದ ನನಗೆ ಅದು ಕಂಡಿತು. ಬಾಯಿಗೆ ಬಂದ ಮಾತನ್ನು ಸೆರಗಿನಲ್ಲಿ ಹಿಡಿದುಕೊಂಡೆ. ಹಿರಿಯರ ಮುಂದೆ ಸೊಸೆ ಮಾತಾಡುವ ಕಾಲ ಅದಲ್ಲ. ಅಲ್ಲದೆ, ಆ ಬೂಟು ಎಷ್ಟು ಬಿಗಿಯೆಂದರೆ ಮುಂಜಾನೆ ಇಬ್ಬರು ಸೇರಿ ತೊಡಿಸುವಾಗ ಪೈಲ್ವಾನ “ಕಾಲ ಮುರೀತೀರೇನ್ರಲೇ” ಎಂದು ಒದರಿದ್ದ. ಬಿಚ್ಚಿಸುವವರು ಯಾರು...

ಅಮಾವಾಸ್ಯೆಯ ಸಂಜೆ ಘತ್ತರಗಿಯಲ್ಲಿ ಡೇರೆ ತುಂಬಿತ್ತು. ಭೀಮಾ ಹೊಳೆಯಲ್ಲಿ ಮಿಂದು, ಭಾಗ್ಯವಂತಿ ದೇವಿಯ ದರ್ಶನ ಮಾಡಿ, ಹಣೆಯ ಭಂಡಾರ ಆರದ ಹೆಂಗಸರು. ನಾನೂ ಅತ್ತೆಯೂ ಅವರ ನಡುವೆ. ಸಿನೆಮಾಕ್ಕೆ ಮಾತಿರಲಿಲ್ಲ, ಕಾಕಾ ತಾವೇ ಮೈಕಿನಲ್ಲಿ ಕಥೆ ಹೇಳುತ್ತಿದ್ದರು. “ಬಂದಾ ನೋಡ್ರಿ, ಹಾರಿ ಬಂದಾ!” ಎಂದಾಗ ಮಂದಿ ಚಪ್ಪಾಳೆ ಹೊಡೆದರು. ಜಗಲಿಯ ಮೇಲಿನ ದೀಪ ಕಾಣುತ್ತಲೇ ಮುಂದಿದ್ದ ಮುದುಕಿ ಕೈ ಮುಗಿದಳು. ಆ ಮುಗಿದ ಕೈಯ ಮುಂದೆಯೇ ಬೂಟು ಇಳಿಯಿತು.

“ಅಯ್ಯ ಶಿವನ, ಹಾರಾಕ ಬರ್ತದ, ಕೆರ ಬಿಡಾಕ ಬರಂಗಿಲ್ಲೇನ ಇವಗ?”

ಮುದುಕಿ ಗಂಟು ಎತ್ತಿಕೊಂಡು ಎದ್ದಳು. ಅವಳ ಹಿಂದೆ ಹತ್ತು ಮಂದಿ, ಆಮೇಲೆ ಸಾಲಿಗೆ ಸಾಲೇ ಎದ್ದಿತು. ಮೈಕಿನ ದನಿ ಒಂದಿಷ್ಟು ಹೊತ್ತು ನಡೆದು ನಿಂತುಹೋಯಿತು. ಮಷೀನಿನ ಸದ್ದೊಂದೇ ಉಳಿಯಿತು. ಅತ್ತೆಯೂ ನನ್ನ ಕೈ ಹಿಡಿದು ಎಬ್ಬಿಸಿದರು. ತಿರುಗಿ ನೋಡುವ ಧೈರ್ಯ ನನಗಾಗಲಿಲ್ಲ.

ಮೂರು ದಿನದ ಮೇಲೆ ಕಾಕಾ ಬಂದರು. ಅತ್ತೆ ಊರಲ್ಲಿರಲಿಲ್ಲ. ನೀರು ಕೊಟ್ಟೆ. ತಂಬಿಗೆ ಕೈಯಲ್ಲಿ ಹಿಡಿದೇ ಕೂತಿದ್ದರು.

“ನೀರಿನ್ಯಾಗ ಮಿಂದು ಬಂದ ಮಂದಿ ಮುಂದ ಬೂಟು ಇಟ್ಟೆ. ಇಪ್ಪತ್ತು ವರ್ಷದಿಂದ ಅವರ ಕೆರ ಕಾದವ ನಾನು. ನನಗ ಯಾಕ ತಿಳೀಲಿಲ್ಲ ತಂಗಿ?”

“ಅವತ್ತೇ ಕಂಡಿದ್ದೆ ಕಾಕಾ. ಹೇಳಲಿಲ್ರಿ.”

ಅವರು ತಲೆ ಎತ್ತಿ ನೋಡಿದರು. ಬೈಯುತ್ತಾರೆಂದುಕೊಂಡೆ.

“ಇನ್ನೇನರ ಕಂಡಿದ್ರ ಅದನ್ನರ ಹೇಳಿಬಿಡು ಈಗ.”

ಹೇಳಿದೆ. ಅಷ್ಟು ಮಾತು ಹಿರಿಯರ ಮುಂದೆ ಆಡಿದ್ದು ಅದೇ ಮೊದಲು. “ಸಿನೆಮಾದಾಗ ಕೂಸಿನ ತಾಯಿ ಕೊಡ ಹೊತ್ತು ಓಡಿ ಬರ್ತಾಳ್ರಿ. ಅವ ಆಕಿ ಕಡೆ ನೋಡಂಗೂ ಇಲ್ಲ. ಒಂದು ಗುಟುಕು ನೀರು ಕೇಳಂಗಿಲ್ಲ. ಅವಗ ನೀರಡಿಕಿಲ್ಲ, ಅಂಜಿಕಿಲ್ಲ, ಬೀಳಂಗಿಲ್ಲ. ಅಂಥವನ ಸಲುವಾಗಿ ನಾ ದೇವರಿಗೆ ಏನಂತ ಬೇಡ್ಕೋಲ್ರಿ ಕಾಕಾ?”

ಕಾಕಾ ತಂಬಿಗೆ ಎತ್ತಿ ನೀರು ಕುಡಿದು, “ಮುಂಬೈದವರಿಗೂ ಒಂದು ಸೊಸಿ ಬೇಕಿತ್ತು ನೋಡು, ಬಾಗಲ ಹಿಂದ” ಎಂದು ನಕ್ಕರು. ಮತ್ತೆ ತೆಗೆಯಲು ಸೊಲ್ಲಾಪುರದವನು ಒಪ್ಪಲಿಲ್ಲ. ದೊಡ್ಡ ಸಿನೆಮಾದ ಮಾತು ಅಲ್ಲಿಗೇ ನಿಂತಿತು. ಮುಂದೊಂದು ದಿನ ಖಾಲಿ ಡಬ್ಬಿ ತಂದು ಕಟ್ಟೆಯ ಮೇಲಿಟ್ಟರು. “ನನ್ನ ಪೈಲ್ವಾನ ಇದರಾಗ ಕುಂಡ್ರಲಿಲ್ಲ ತಂಗಿ. ನಿನ್ನ ರೊಟ್ಟಿ ಕುಂಡರ್ಲಿ.”

ಆಮೇಲೆ ಯಾವ ಹೊಸ ಸಿನೆಮಾ ತರುವ ಮೊದಲೂ ಕಟ್ಟೆಗೆ ಬಂದು ಕಥೆ ಹೇಳಿ, “ಇವನ ಸಲುವಾಗಿ ಬೇಡ್ಕೋತಿ ಏನವಾ?” ಎಂದು ಕೇಳುತ್ತಿದ್ದರು. ಟಿವಿ ಬಂತು, ವಿಡಿಯೋ ಬಂತು, ಡೇರೆ ಮಡಚಿದರು. ನೀರು ಕೇಳಲು ಬರುವುದನ್ನು ಮಾತ್ರ ಬಿಡಲಿಲ್ಲ.

ಹಾಸಿಗೆ ಹಿಡಿಯದೆ ಹೋದರು, ಅದೊಂದು ದೇವರ ದಯೆ. ನನ್ನ ಮೇಲೆ ಒಂದು ದಿನವೂ ಸಿಟ್ಟು ಇಟ್ಟುಕೊಳ್ಳಲಿಲ್ಲ, ಅದಿನ್ನೊಂದು. ಆದರೂ ಅವತ್ತು ಬಾಗಿಲ ಮರೆಯಿಂದ ಒಂದು ಮಾತು ಆಡಿದ್ದರೆ... ಬೂಟು ಬಿಚ್ಚಲು ಇಬ್ಬರೇ ಸಾಕಿತ್ತು.

ಇವತ್ತು ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಒಣ ರೊಟ್ಟಿಗಳನ್ನು ಬುಟ್ಟಿಗೆ ತೆಗೆದು, ಡಬ್ಬಿ ತೊಳೆದು ಬಿಸಿಲಿಗಿಟ್ಟೆ. ಬಿಸಿ ರೊಟ್ಟಿ ಅದರಲ್ಲೇ ಕಳಿಸಬೇಕು. ಕಟ್ಟೆಯ ಕೆಳಗೆ ಒಮ್ಮೆ ನೋಡಿದೆ. ಚಪ್ಪಲಿ ಇರಲಿಲ್ಲ. ಒಳಗೆ ಹೋಗಿ, ಎಸರಿಗೆ ನೀರಿಟ್ಟು, ಹಿಟ್ಟು ನಾದಲು ಕೂತೆ.